ಮೈಲಾರಿಯ ಆರೂಕಾಲು

ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದ. ಆ ಊರು ನಿಜವಾಗಿ ಇದೆಯೋ ಇಲ್ಲವೋ ಅಂತ ಅವನಿಗೇ ಗುಮಾನಿ. ಅದಕ್ಕೇ ಜನ ಅವನನ್ನು ಗುಮಾನಿರಾಯ ಅನ್ನುತ್ತಿದ್ದರು. ಬೆಳಿಗ್ಗೆ ಎದ್ದು ಕನ್ನಡಿ ಮುಂದೆ ನಿಂತರೆ, "ಯಾರಯ್ಯಾ ನೀನು, ದಿನಾ ಇದೇ ಹೊತ್ತಿಗೆ ಬರ್ತೀಯಲ್ಲ?" ಅಂತ ಕೇಳುತ್ತಿದ್ದ. ಚಪ್ಪಲಿ ಮೆಟ್ಟುವ ಮುಂಚೆ ಕಾಲಿನ ಬೆರಳು ಎಣಿಸುತ್ತಿದ್ದ. ಬಿಟ್ಟ ಮೇಲೆ ಮತ್ತೆ ಎಣಿಸುತ್ತಿದ್ದ. ಅವನು ಉಣ್ಣುವ ಮುಂಚೆ ಏಳು ಜನ ರುಚಿ ನೋಡಬೇಕು. ಮೊದಲು ಆರೇ ಜನ ಇದ್ದರು, ಆರನೆಯವನ ಮೇಲೆ ಗುಮಾನಿ ಬಂದು ಏಳನೆಯವನನ್ನು ಇಟ್ಟ. ಏಳೂ ಜನ ಅಗಿದು, ನುಂಗಿ, ಯಾರೂ ಸಾಯಲಿಲ್ಲ ಅಂತ ಖಾತ್ರಿಯಾಗುವ ಹೊತ್ತಿಗೆ ಅನ್ನ ತಣ್ಣಗೆ ಕೊರೆಯುತ್ತಿತ್ತು. ಹೀಗಾಗಿ ಗುಮಾನಿರಾಯ ಹುಟ್ಟಿದಾಗಿನಿಂದ ಬಿಸಿ ತುತ್ತು ಅನ್ನುವುದನ್ನು ಬಾಯಲ್ಲಿಟ್ಟವನಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತೆ.

ಇವೆಲ್ಲ ಚಿಲ್ಲರೆ ಗುಮಾನಿ. ದೊಡ್ಡ ಗುಮಾನಿ ಗಡಿಕಲ್ಲಿನ ಮೇಲೆ. ಅರಮನೆಗೆ ಮೂರು ಮೈಲಿ ದೂರದಲ್ಲಿ ರಾಜ್ಯದ ಗಡಿಕಲ್ಲು ನೆಟ್ಟಿತ್ತು. ಯಾರೂ ನೋಡದಾಗ ಅದು ಎದ್ದು ಪಕ್ಕದ ರಾಜ್ಯಕ್ಕೆ ಹೊರಟುಹೋದರೆ? ಅದಕ್ಕೇ ದಿನಾ ಬೆಳಿಗ್ಗೆ ಒಬ್ಬ ಓಡಿಹೋಗಿ ಕಲ್ಲು ಮುಟ್ಟಿ ಓಡಿಬರಬೇಕು. ಹಾಗೆ ಓಡುವವನ ಹೆಸರು ಮೈಲಾರಿ.

ಮೈಲಾರಿ ಅಂದರೆ ಅಂತಿಂಥವನಲ್ಲ. ಅವನು ಓಡಿದರೆ ಅವನ ನೆರಳು ಅರ್ಧ ದಾರಿಯಲ್ಲಿ ಕೂತು ಏದುಸಿರು ಬಿಡುತ್ತಿತ್ತು. ಅವನ ಜತೆ ಹೊರಟ ಗಾಳಿ, ಅವನು ವಾಪಸ್ ಬರುವಾಗ ಎದುರಿಗೆ ಸಿಗುತ್ತಿತ್ತು. ಕೂಸಾಗಿದ್ದಾಗ ಅಜ್ಜಿ ಕಂಕುಳಲ್ಲಿ ಎತ್ತಿಕೊಂಡರೆ ಇಳಿದು ಓಡುತ್ತಿದ್ದನಂತೆ. ಹಾಗಂತ ಅವನೇ ಹೇಳುತ್ತಿದ್ದ.

"ಎರಡು ಕಾಲು, ಒಂದು ಗುಂಡಿಗೆ, ಖಾಲಿ ಹೊಟ್ಟೆ. ಗಾಳಿ ಕುಡಿದು ಓಡೋ ಗಂಡು ಕಣ್ರೋ ನಾನು," ಅಂತ ಬಾವಿಕಟ್ಟೆಯಲ್ಲಿ ಮೀಸೆ ತಿರುವುತ್ತಿದ್ದ. ಊರು ನಂಬಿತ್ತು. ರಾಜ ನಂಬುತ್ತಾನಾ?

"ಕಲ್ಲು ಇದೆಯಾ?"

"ಐತೆ ಬುದ್ಧಿ."

"ಅಲ್ಲೇ ಇದೆಯಾ?"

"ಅಲ್ಲೇ ಐತೆ."

"ನೀನು ಹೋಗಿದ್ದೆ ಅನ್ನೋದಕ್ಕೆ ಸಾಕ್ಷಿ?"

"ನನ್ನ ಬೆವರು ಬುದ್ಧಿ."

"ನೀರು ಚಿಮುಕಿಸಿಕೊಂಡಿರಬಹುದು. ಮಂತ್ರಿ, ನೆಕ್ಕಿ ನೋಡು."

ಮಂತ್ರಿ ಹೌದಯ್ಯ ಮೈಲಾರಿಯ ಮೊಣಕೈ ನೆಕ್ಕಿ, "ಉಪ್ಪಿದೆ ಪ್ರಭು," ಅನ್ನುತ್ತಿದ್ದ. ಹನ್ನೊಂದು ವರ್ಷ ಹೀಗೇ ನಡೆಯಿತು. ಹನ್ನೆರಡನೇ ವರ್ಷ ರಾಜನಿಗೆ ಹೊಳೆಯಿತು, "ಉಪ್ಪುನೀರು ಚಿಮುಕಿಸಿಕೊಂಡಿದ್ದರೆ?" ಹೌದಯ್ಯನ ನಾಲಿಗೆಗೂ ಸಾಕಾಗಿತ್ತು.

ಆ ಹೊತ್ತಿಗೆ ಸರಿಯಾಗಿ ಒಬ್ಬ ಪರದೇಶಿ ವ್ಯಾಪಾರಿ ಬಂದ. ಅವನ ಗಂಟಿನಲ್ಲಿ ಒಂದು ಕೈಗಡಿಯಾರ, ಒಂದು ಫೋನು.

ಗಡಿಯಾರ ಹೇಳಿತು, "ನಾನು ಕೈಯಲ್ಲಿರ್ತೀನಿ. ನಾಡಿ ನೋಡ್ತೀನಿ. ಓಡಿದರೆ ಮಾತ್ರ ಅಳೀತೀನಿ, ನಡೆದರೆ ಕಣ್ಣು ಮುಚ್ಚಿಕೊಳ್ತೀನಿ. ಆದರೆ ಸ್ವಾಮಿ, ನನಗೆ ದಾರಿ ಕಾಣಲ್ಲ. ದಾರಿ ಏನಿದ್ದರೂ ಆ ಫೋನಿನ ಜವಾಬ್ದಾರಿ."

ಫೋನು ಹೇಳಿತು, "ನನಗೂ ಕಾಣಲ್ಲ. ನಾನು ಮೇಲಿನವರನ್ನ ಕೇಳ್ತೀನಿ."

"ನನಗಿಂತ ಮೇಲೆ ಯಾರಪ್ಪ?" ಅಂದ ರಾಜ.

"ಆಕಾಶದಲ್ಲಿ ಸುತ್ತೋರು. ಜೀಪಿಎಸ್ಸಿನವರು."

"ಜೀಪಿನಲ್ಲಿ ಸುತ್ತಾರಾ?"

"ಜೀಪಲ್ಲ ಸ್ವಾಮಿ, ಜೀಪಿಎಸ್ಸು. ಮೈಲಾರಿ ಎಲ್ಲೆಲ್ಲಿ ಕಾಲಿಟ್ಟ ಅಂತ ಮೇಲಿಂದ ಹೇಳ್ತಾರೆ. ನಾನು ಗೆರೆ ಎಳೀತೀನಿ. ಅವನು ನಿಂತರೂ ಸರಿ, ನಡೆದರೂ ಸರಿ, ನಾನು ಬಿಡಲ್ಲ."

"ಇವನ ಮಾತು ನಂಬಬೇಡಿ," ಅಂತ ಗಡಿಯಾರ ಪಿಸುಗುಟ್ಟಿತು. "ಅವನದನ್ನೂ," ಅಂತ ಫೋನು ಪಿಸುಗುಟ್ಟಿತು.

ಗುಮಾನಿರಾಯನ ಕಣ್ಣು ತುಂಬಿ ಬಂತು. ಗಡಿಯಾರಕ್ಕೆ ಮೈಲಾರಿಯ ಮೇಲೆ ನಂಬಿಕೆಯಿಲ್ಲ, ಫೋನಿಗೆ ಗಡಿಯಾರದ ಮೇಲೆ ನಂಬಿಕೆಯಿಲ್ಲ, ಮೇಲಿನವರಿಗೆ ಯಾರ ಮೇಲೂ ಇಲ್ಲ. "ಇಂಥ ಮನೆತನವನ್ನೇ ನಾನು ಇಷ್ಟು ವರ್ಷ ಹುಡುಕ್ತಿದ್ದೆ," ಅಂದ.

ಮಾರನೆಯ ಬೆಳಿಗ್ಗೆ ಮೈಲಾರಿಯ ಕೈಗೆ ಗಡಿಯಾರ ಕಟ್ಟಿದರು. ಚಡ್ಡಿ ಜೇಬಿಗೆ ಫೋನು ತುರುಕಿದರು. ಮೈಲಾರಿ ಹೊರಟ. ಎದೆ ಸೆಟೆಸಿ ಹೋದ, ಕಲ್ಲು ಮುಟ್ಟಿದ, ತಿರುಗಿದ. ತಿರುಗಿ ಅರ್ಧ ದಾರಿ ಬಂದ ಮೇಲೆ ಅವನ ಕಾಲು ತಾನೇ ತಾನಾಗಿ ರಸ್ತೆ ಬಿಟ್ಟು ಹೊಲದ ಬದುವಿಗೆ ಇಳಿಯಿತು.

ಈಗ ಒಂದು ಗುಟ್ಟು ಹೇಳುತ್ತೇನೆ, ಹತ್ತಿರ ಬನ್ನಿ. ಆ ಬದುವಿನ ಕೊನೆಗೆ ಒಂದು ಗುಡಿಸಲು. ಗುಡಿಸಲಲ್ಲಿ ಮೈಲಾರಿಯ ಅಜ್ಜಿ ಸಣ್ಣೀರಜ್ಜಿ. ಅಜ್ಜಿಯ ಹೆಂಚಿನ ಮೇಲೆ ರಾಗಿ ರೊಟ್ಟಿ, ರೊಟ್ಟಿಯ ಪಕ್ಕ ಹುಚ್ಚೆಳ್ಳು ಚಟ್ನಿ. ಗಾಳಿ ಕುಡಿದು ಓಡುವ ಗಂಡು ಹನ್ನೊಂದು ವರ್ಷದಿಂದ ದಿನಾ ಅಲ್ಲಿ ಕೂತು ಎರಡು ರೊಟ್ಟಿ ಮುರಿಯುತ್ತಿದ್ದ. ರಸ್ತೆಯಿಂದ ಗುಡಿಸಲಿಗೆ ಹೋಗಿ ಬರುವುದಕ್ಕೆ ಕಾಲು ಮೈಲಿ. ಬದು ಸಪೂರ, ಓಡಲಾಗದು, ನಡೆದೇ ಹೋಗಬೇಕು. ಇದು ಅಜ್ಜಿಗೆ ಗೊತ್ತಿತ್ತು, ಮೈಲಾರಿಗೆ ಗೊತ್ತಿತ್ತು. ಈಗ ಇನ್ನೂ ಇಬ್ಬರಿಗೆ ಗೊತ್ತಾಗುವುದಿತ್ತು.

"ಯಾಕೆ ನಡೀತಿದೀಯ?" ಅಂತ ಗಡಿಯಾರ ಕೇಳಿತು.

"ಮೆತ್ತಗೆ ಓಡ್ತಿದೀನಿ."

"ಅದು ನಡಿಗೆ. ನನ್ನ ಅಳತೆಗೆ ಬರಲ್ಲ," ಅಂತ ಗಡಿಯಾರ ಕಣ್ಣು ಮುಚ್ಚಿ ಮಲಗಿತು. ಫೋನು ಮಾತಾಡಲಿಲ್ಲ. ಜೇಬಿನಲ್ಲಿ ಸುಮ್ಮನೆ ಗೆರೆ ಎಳೆಯುತ್ತಿತ್ತು. ಸುಮ್ಮನಿರುವವರ ಮೇಲೆ ಮೈಲಾರಿಗೆ ಗುಮಾನಿ ಬರಬೇಕಿತ್ತು. ಬಾಯಲ್ಲಿ ರೊಟ್ಟಿ ಇತ್ತು, ಬರಲಿಲ್ಲ.

ಅರಮನೆಗೆ ಬಂದ. ಸಭೆ ಕೂಡಿತ್ತು.

"ಎಷ್ಟು ಓಡಿದ?" ಅಂದ ರಾಜ.

ಗಡಿಯಾರ ಅಂತು, "ಆರು."

ಫೋನಿಗೆ ಬ್ಯಾಟರಿ ಮುಗಿಯುತ್ತ ಬಂದಿತ್ತು. ಮಾತು ಉಳಿಸಲು ಮೈಲಿ ಅನ್ನುವುದನ್ನು ನುಂಗಿಕೊಂಡು, "ಆರೂಕಾಲು," ಅಂತು.

ರಾಜ ಸಿಂಹಾಸನದಿಂದ ನಿಧಾನವಾಗಿ ಎದ್ದ.

"ಹೌದಯ್ಯ, ಮನುಷ್ಯನಿಗೆ ಎಷ್ಟು ಕಾಲು?"

"ಎರಡು ಪ್ರಭು."

"ಇವನು ಓಡಿದ್ದು?"

"ಆರು ಕಾಲು ಪ್ರಭು."

"ಆರರಲ್ಲಿ ಎರಡು ಹೋದರೆ?"

"ನಾಲ್ಕು."

"ನಾಲ್ಕು ಕಾಲು ಯಾವುದಕ್ಕಿರುತ್ತೆ?"

ಹೌದಯ್ಯನ ಬಾಯಿ ತೆರೆದದ್ದು ತೆರೆದೇ ಇತ್ತು. "ಕುದುರೆಗೆ ಪ್ರಭು. ಇವನು ಕುದುರೆ ಹತ್ತಿ ಹೋಗಿದ್ದಾನೆ."

ಫೋನು ತಾನು ಎಳೆದ ಗೆರೆ ತೋರಿಸಿತು. ನೆಟ್ಟಗೆ ಹೋಗಿ ನೆಟ್ಟಗೆ ಬಂದ ಗೆರೆ. ನಡುವೆ ಒಂದು ಕಡೆ ಮಾತ್ರ ಸಣ್ಣಗೆ ಏನೋ ಹೊರಗೆ ಚಾಚಿಕೊಂಡಿತ್ತು.

"ಬಾಲ," ಅಂದ ರಾಜ. "ಇನ್ನೇನು ಸಾಕ್ಷಿ ಬೇಕು? ಜೀಪು ಅಂತ ಗುಮಾನಿ ಪಟ್ಟಿದ್ದೆ. ಜೀಪಿಗೆ ಕಾಲೂ ಇಲ್ಲ, ಬಾಲವೂ ಇಲ್ಲ. ಅದನ್ನ ಬಿಟ್ಟುಬಿಡಿ. ಮೈಲಾರಿ, ನಾಳಿದ್ದು ಹೊತ್ತು ನೆತ್ತಿಗೆ ಬರೋದರೊಳಗೆ ಆ ನಾಲ್ಕು ಕಾಲು ತಂದು ಒಪ್ಪಿಸಬೇಕು. ಇಲ್ಲದಿದ್ದರೆ ನಿನ್ನ ಎರಡು ಕಾಲು ಮರದ ಕೋಳಕ್ಕೆ. ಬದುಕಿರೋ ತನಕ."

ಒಂದೇ ಮಾತು ಸಾಕಿತ್ತು. ಬುದ್ಧಿ, ಅದು ಮೈಯ ಕಾಲಲ್ಲ, ಮೈಲಿಯ ಕಾಲು. ಮಾತು ನಾಲಿಗೆಯ ತುದಿಗೆ ಬಂತು. ಆಮೇಲೆ ರಾಜ ಕೇಳುತ್ತಾನೆ, ಆ ಕಾಲು ಮೈಲಿ ಎಲ್ಲಿಗೆ ಹೋಗಿದ್ದೆ? ರೊಟ್ಟಿಗೆ. ಅಷ್ಟೇ, ಮಾನ ಹೋಯಿತು. ಗಾಳಿ ಕುಡಿಯೋನು ರೊಟ್ಟಿ ಮುರೀತಿದ್ದ ಅಂತ ಬಾವಿಕಟ್ಟೆ ಇಡೀ ನಗುತ್ತೆ. ಮೈಲಾರಿ ಮಾತನ್ನು ನುಂಗಿದ. ರೊಟ್ಟಿಗಿಂತ ಗಟ್ಟಿಯಾಗಿತ್ತು.

ವಿಚಾರಣೆ ಶುರುವಾಯಿತು. ಮೊದಲು ಅರಮನೆಯ ಕುದುರೆ.

"ನನ್ನ ನಾಲ್ಕೂ ಕಾಲು ಇಲ್ಲೇ ಇದ್ದವು. ನಾನು ಎದ್ದು ಏಳು ವರ್ಷವಾಯ್ತು," ಅಂತು ಕುದುರೆ, ಮಲಗಿದಲ್ಲಿಂದಲೇ.

ಆಮೇಲೆ ಕತ್ತೆ. "ಅಷ್ಟು ಓಡೋಕೆ ಬಂದಿದ್ದರೆ ನಿಮ್ಮೂರಲ್ಲಿ ಯಾಕಿರ್ತಿದ್ದೆ?" ಅಂತು. ಅದು ನ್ಯಾಯವಾಗಿತ್ತು. ಬಿಟ್ಟರು.

ಆಗ ರಾಜನಿಗೆ ಇನ್ನೊಂದು ಹೊಳೆಯಿತು. ಎರಡು ಕೋಳಿ ಸೇರಿದರೂ ನಾಲ್ಕು ಕಾಲು. ಊರಿನ ಕೋಳಿಗಳನ್ನೆಲ್ಲ ಜೋಡಿ ಜೋಡಿಯಾಗಿ ಹಿಡಿದು ಸೆರೆಗೆ ಹಾಕಿದರು. ಕೊನೆಗೆ ಒಂದು ಉಳಿಯಿತು. ಒಂಟಿ ಕೋಳಿ ನಿರಪರಾಧಿ ಅಂತ ಬಿಟ್ಟರು. ಅದು ಬೀದಿಯಲ್ಲಿ ತಲೆ ಎತ್ತಿಕೊಂಡು ತಿರುಗಾಡಿತು. ಇಬ್ಬರು ಮನುಷ್ಯರು ಸೇರಿದರೂ ನಾಲ್ಕೇ. ಗಂಡ ಹೆಂಡತಿ ಜತೆಗೆ ನಡೆಯಕೂಡದು ಅಂತ ಡಂಗುರ ಹೊಡೆಸಿದರು. ಮುಂದೆ ಗಂಡ, ಹಿಂದೆ ಹೆಂಡತಿ, ನಡುವೆ ನೂರು ಮಾರು. ಜಗಳ ಆಡುವುದಕ್ಕೂ ಕೂಗಿಕೊಳ್ಳಬೇಕು. ಕೊನೆಗೆ ಮಂಚ. ಮಂಚಕ್ಕೂ ನಾಲ್ಕು ಕಾಲು. ಊರಿನ ಮಂಚವನ್ನೆಲ್ಲ ಎಳೆದು ತಂದು ಅರಮನೆ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, "ನಿನ್ನೆ ಬೆಳಿಗ್ಗೆ ಎಲ್ಲಿದ್ದಿರಿ?" ಅಂತ ಕೇಳಿದರು. ಮಂಚಗಳು ಕಿರ್ ಅಂದವು, ಹೆಚ್ಚು ಹೇಳಲಿಲ್ಲ. ರಾಜನ ಗುಮಾನಿ ಇಮ್ಮಡಿಯಾಯಿತು.

ಊರಿನವರೆಲ್ಲ ಮೈಲಾರಿಯನ್ನು ದುರುಗುಟ್ಟಿ ನೋಡಿದರು. ಸಣ್ಣೀರಜ್ಜಿ ಸೊಂಟ ಹಿಡಿದುಕೊಂಡು ಅರಮನೆ ಬಾಗಿಲಿಗೆ ಬಂದಳು.

"ಏನೋ ಮೈಲಾರಿ, ನನ್ನ ಮಂಚ ಏನು ಮಾಡಿತ್ತೋ?"

"ಸುಮ್ಕಿರಜ್ಜಿ, ವಿಚಾರಣೆ ನಡೀತೈತೆ."

"ರೊಟ್ಟಿ ತಿಂದೆ ಅಂತ ಒಂದು ಮಾತು ಹೇಳಕ್ಕೆ ಏನೋ ನಿಂಗೆ?"

"ಮೆತ್ತಗೆ ಮಾತಾಡಜ್ಜಿ. ನನ್ನ ಮರ್ವಾದೆ ಪ್ರಶ್ನೆ."

"ನಿನ್ನ ಮರ್ವಾದೆ ಹಾಸ್ಕೊಂಡು ನಾನು ಮಲಗಕ್ಕಾಗ್ತದೇನೋ?"

ಮೈಲಾರಿ ನೆಲ ನೋಡಿದ. ಅಜ್ಜಿ ಅವನ ಕಾಲು ನೋಡಿದಳು. ಎರಡೇ ಎರಡು ಕಾಲು, ನಾಳೆ ಕೋಳಕ್ಕೆ ಹೋಗುವಂಥವು. ಅಜ್ಜಿಯ ಸಿಟ್ಟು ಇಳಿಯಿತು. ಕಿವಿ ಹತ್ತಿರಕ್ಕೆ ಎಳೆದುಕೊಂಡು, "ಹಂಗಾದ್ರೆ ನಾಳೆ ಆ ರಾಜನ್ನೇ ಓಡ್ಸು. ನಾನು ಒಲೆ ಹಚ್ಚಿರ್ತೀನಿ," ಅಂದಳು.

ಮೈಲಾರಿ ರಾಜನ ಮುಂದೆ ಕೈಕಟ್ಟಿ ನಿಂತ. "ಬುದ್ಧಿ, ನನಗೆ ಈ ಗಡಿಯಾರದ ಮೇಲೇ ಗುಮಾನಿ. ಫೋನಿನ ಮೇಲೂ ಗುಮಾನಿ."

ರಾಜ ಬೆರಗಾದ. ತನ್ನ ರಾಜ್ಯದಲ್ಲಿ ತನ್ನನ್ನು ಬಿಟ್ಟು ಇನ್ನೊಬ್ಬ ಮನುಷ್ಯ ಗುಮಾನಿ ಪಟ್ಟಿದ್ದು ಅದೇ ಮೊದಲು. "ಕೂತ್ಕೊಳಯ್ಯ," ಅಂದ.

"ಕೂರಲ್ಲ ಬುದ್ಧಿ. ನೀವೇ ಕಟ್ಕೊಂಡು ಓಡಿ ನೋಡಿ. ನಿಮ್ಮ ಕಾಲು ನೀವೇ ದಿನಾ ಎಣಿಸಿರೋದು."

"ಎರಡು. ಬೆರಳು ಹತ್ತು," ಅಂದ ರಾಜ. ಸಂಶಯಕ್ಕೆಡೆಯಿಲ್ಲದ ಅವನ ಏಕೈಕ ಲೆಕ್ಕ ಅದು.

ಮಾರನೆಯ ಬೆಳಿಗ್ಗೆ ರಾಜನೇ ಓಡಿದ. ಕೈಯಲ್ಲಿ ಗಡಿಯಾರ, ಜುಬ್ಬದ ಜೇಬಿನಲ್ಲಿ ಫೋನು, ದಾರಿ ತೋರಿಸಲು ಮುಂದೆ ಮೈಲಾರಿ. ಆರು ಮೈಲಿ ರಾಜ ಹೇಗೆ ಓಡಿದ ಅಂತ ಕೇಳುತ್ತೀರಿ. ತನ್ನ ನೆರಳು ತನ್ನನ್ನು ಅಟ್ಟಿಸಿಕೊಂಡು ಬರುತ್ತಿದೆ ಅಂತ ಅವನಿಗೆ ಗುಮಾನಿ. ಅಂಥವನು ನಿಲ್ಲುತ್ತಾನಾ? ಕಲ್ಲು ಮುಟ್ಟಿದ, ಅದು ಕಲ್ಲೇ ಹೌದಾ ಅಂತ ಗುದ್ದಿ ನೋಡಿದ, ಕೈ ಊದಿಸಿಕೊಂಡು ತಿರುಗಿದ. ಅರ್ಧ ದಾರಿ ಬಂದಾಗ ಅವನ ಮೂಗು ಅರಳಿತು.

"ಏನದು ವಾಸನೆ?"

"ಏನೂ ಇಲ್ಲ ಬುದ್ಧಿ."

"ಏನೂ ಇಲ್ಲ ಅಂದರೆ ಏನೋ ಇದೆ," ಅಂತ ರಾಜ ಬದುವಿಗೆ ಇಳಿದ. ಗಡಿಯಾರ ಕಣ್ಣು ಮುಚ್ಚಿತು. ಫೋನು ಗೆರೆ ಎಳೆಯಿತು.

"ಬಾರಪ್ಪ," ಅಂದಳು ಅಜ್ಜಿ. "ಮಂಚ ಇಲ್ಲ. ಯಾರೋ ಹೊತ್ಕೊಂಡು ಹೋದ್ರು. ನೆಲದ ಮೇಲೇ ಕೂತ್ಕೊ."

ಹೊಗೆಯಾಡುವ ರೊಟ್ಟಿ ಮುಂದಿಟ್ಟಳು. ರಾಜ ಕೈ ಹಿಂದಕ್ಕೆಳೆದ. "ಮೊದಲು ಏಳು ಜನ ರುಚಿ ನೋಡಬೇಕು."

"ಏಳು ಜನ ತಿಂದ್ರೆ ನಿಂಗೇನು ಉಳೀತದೆ?"

ರಾಜ ಇಷ್ಟು ವರ್ಷ ಎಲ್ಲವನ್ನೂ ಗುಮಾನಿಯಿಂದ ನೋಡಿದ್ದ, ಈ ಲೆಕ್ಕವೊಂದನ್ನು ನೋಡಿರಲಿಲ್ಲ. ಒಂದು ಚೂರು ಮುರಿದು ಬಾಯಿಗಿಟ್ಟ. ಬಿಸಿ. ಕಣ್ಣಲ್ಲಿ ನೀರು ಬಂತು. ಯಾರ ಕಣ್ಣೀರು ಇದು ಅಂತ ಗುಮಾನಿಯಿಂದ ಒರೆಸಿಕೊಂಡ. ಚಟ್ನಿ ಇನ್ನಷ್ಟು ಹಾಕಿಸಿಕೊಂಡ. ಮೂರು ರೊಟ್ಟಿ ಮುಗಿಸಿ, ಬದು ದಾಟಿ, ಮತ್ತೆ ಓಟ ಕಿತ್ತ.

ಸಭೆ ಕಾಯುತ್ತಿತ್ತು. ಹೊತ್ತು ನೆತ್ತಿಗೆ ಬರುತ್ತಿತ್ತು. ಕೋಳದ ಬಾಯಿ ತೆರೆದಿಟ್ಟಿದ್ದರು.

ಗಡಿಯಾರ ಅಂತು, "ಆರು."

ಫೋನು ಅಂತು, "ಆರೂಕಾಲು." ಗೆರೆಯನ್ನೂ ತೋರಿಸಿತು. ಬಾಲ ಅದೇ ಜಾಗದಲ್ಲಿತ್ತು.

ಹೌದಯ್ಯ ತಡವರಿಸಿದ, "ಪ್ರಭು, ಮನುಷ್ಯನಿಗೆ ಎರಡು ಕಾಲು. ಆರರಲ್ಲಿ ಎರಡು ಹೋದರೆ..."

ರಾಜನಿಗೆ ಆ ಗಳಿಗೆ ಎಲ್ಲ ಅರ್ಥವಾಯಿತು. ಕಾಲು ಯಾವುದು, ಬಾಲ ಯಾವುದು, ಮೈಲಾರಿ ಯಾಕೆ ಬಾಯಿ ಮುಚ್ಚಿಕೊಂಡಿದ್ದ, ಎಲ್ಲ. ಅವನೂ ಒಂದೇ ಮಾತು ಹೇಳಬಹುದಿತ್ತು. ಹೇಳಿದರೆ, ಗುಮಾನಿರಾಯ ಯಾರದೋ ಗುಡಿಸಲಲ್ಲಿ ರುಚಿ ನೋಡಿಸದೆ ತಿಂದ ಅಂತ ಊರಿಗೆ ಗೊತ್ತಾಗುತ್ತೆ. ಏಳೂ ಜನ ರುಚಿಗಾರರು ಅವನನ್ನೇ ನೋಡುತ್ತಿದ್ದರು. ರಾಜ ಮೈಲಾರಿಯನ್ನು ನೋಡಿದ. ಮೈಲಾರಿ ಸೂರು ನೋಡಿದ. ರಾಜನ ಮೀಸೆಗೆ ಹುಚ್ಚೆಳ್ಳು ಚಟ್ನಿ ಮೆತ್ತಿಕೊಂಡಿತ್ತು.

"ಹೌದು," ಅಂದ ರಾಜ. "ನನಗೆ ಆರು ಕಾಲು."

"ಕಾಣ್ತಿಲ್ಲವಲ್ಲ ಪ್ರಭು?"

"ಗಡಿಕಲ್ಲು ಇಲ್ಲಿಂದ ಕಾಣುತ್ತಾ?"

"ಇಲ್ಲ ಪ್ರಭು."

"ಆದರೂ ಇದೆ ತಾನೆ?"

"ಇದೆ ಪ್ರಭು."

"ಹಾಗೇ ಇವೂ ಇವೆ. ಮೈಲಾರಿಯವೂ ಹಾಗೇ. ಅವನ ಕಾಲು ಅವನದೇ, ಕುದುರೆಯದಲ್ಲ. ಕೋಳ ಎತ್ತಿಡಿ."

"ಬಾಲ ಪ್ರಭು?"

"ಅದರ ಮಾತು ಬೇಡ."

ಕೋಳಿಗಳು ಮನೆಗೆ ಹೋದವು. ಗಂಡ ಹೆಂಡತಿಯರು ಹತ್ತಿರ ಬಂದು ಜಗಳ ಮುಂದುವರಿಸಿದರು. ಎಲ್ಲರ ಮಂಚಕ್ಕಿಂತ ಮೊದಲು ಸಣ್ಣೀರಜ್ಜಿಯ ಮಂಚ ವಾಪಸ್ ಹೋಯಿತು. ಯಾಕೆ ಅಂತ ಯಾರಿಗೂ ತಿಳಿಯಲಿಲ್ಲ. ರಾಜನಿಗೆ ಅಂದಿನಿಂದ ಆರು ಚಪ್ಪಲಿ. ಎರಡನ್ನು ಮೆಟ್ಟುತ್ತಾನೆ, ನಾಲ್ಕನ್ನು ಹೌದಯ್ಯ ತಟ್ಟೆಯಲ್ಲಿ ಹಿಡಿದು ನಿಲ್ಲುತ್ತಾನೆ. ಅರಮನೆಯ ತಣ್ಣನೆ ಅನ್ನ ರುಚಿಗಾರರಿಗೇ ಪೂರಾ ಉಳಿಯುತ್ತೆ. ಗಡಿಕಲ್ಲಿನ ವಿಷಯದಲ್ಲಿ ಯಾರನ್ನೂ ನಂಬೋಕಾಗಲ್ಲ ಅಂತ ದಿನಾ ಬೆಳಿಗ್ಗೆ ರಾಜನೇ ಓಡುತ್ತಾನೆ, ಮುಂದೆ ಮೈಲಾರಿ. ದಿನಾ ಗಡಿಯಾರ ಆರು ಅನ್ನುತ್ತೆ, ದಿನಾ ಫೋನು ಆರೂಕಾಲು ಅನ್ನುತ್ತೆ. ಇವತ್ತಿಗೂ ಅವೆರಡಕ್ಕೆ ಮಾತಿಲ್ಲ.

ಮೈಲಾರಿಯ ಕಾಲು ಉಳಿಯಿತು, ಗುಟ್ಟು ಉಳಿಯಿತು. ಆದರೆ ಒಂದು ಹೋಯಿತು. ಬಾವಿಕಟ್ಟೆಯಲ್ಲಿ ಅವನು ಮೀಸೆಗೆ ಕೈ ಹಾಕಿದರೆ ಸಾಕು, ಕೊಡ ಹೊತ್ತ ಮುದುಕಿಯರೂ ಮೂಗು ಮುರಿಯುತ್ತಾರೆ. "ಏನು ಮಹಾ. ಆರು ಕಾಲಿದ್ರೆ ನಾವೂ ಓಡ್ತಿದ್ವಿ." ನನಗಿರೋದು ಎರಡೇ ಕಣ್ರೋ ಅಂತ ಕೂಗಬೇಕು ಅನ್ನಿಸುತ್ತೆ. ಬಾಯಿ ತೆರೆಯುತ್ತಾನೆ. ಹೊಲದ ಕಡೆಯಿಂದ ರೊಟ್ಟಿಯ ಘಮ ಬರುತ್ತೆ. ಬಾಯಿ ಮುಚ್ಚುತ್ತಾನೆ.

ಈ ಕತೆಯ ನೀತಿ ಏನು ಅಂತ ಕೇಳಬೇಡಿ, ಕೇಳುವವರ ಮೇಲೆ ನನಗೆ ಗುಮಾನಿ. ಕತೆ ಇಲ್ಲಿಗೆ ನಿಂತಿತು, ಗಡಿಯಾರ ಕಣ್ಣು ಮುಚ್ಚಿತು. ಎದ್ದು ಹೋಗುವಾಗ ನಿಮ್ಮ ನಿಮ್ಮ ಕಾಲು ಎಣಿಸಿಕೊಂಡು ಹೋಗಿ. ಎರಡೇ ಇದ್ದರೆ ಗಾಬರಿಯಾಗಬೇಡಿ. ನೀವಿನ್ನೂ ಅಜ್ಜಿಯ ರೊಟ್ಟಿ ತಿಂದಿಲ್ಲ, ಅಷ್ಟೇ.