ಅಪಿಯೊ ಬಿತ್ತಿದ ಹೊಲ

ಶಿಷ್ಯ ಕೇಳಿದ: "ಗುರುಗಳೇ, ಆಫ್ರಿಕದ ಕಾದಂಬರಿಗಳನ್ನು ಓದುತ್ತಿದ್ದೇನೆ. ಬಿಳಿಯರು ಆಳಿ ಬಿಟ್ಟುಹೋದ ನಾಡುಗಳ ಕತೆಗಳು. ಯಾವುದನ್ನು ತೆರೆದರೂ ಒಂದೇ ಜಗಳ. ತಂದೆ ಹಿಂದಿನದನ್ನು ಬಿಡಲೊಲ್ಲ, ಮಗ ಅದನ್ನು ಒಪ್ಪಲೊಲ್ಲ. ತಂದೆಯ ಮಾತು ಓದುವಾಗ ತಂದೆಯೇ ಸರಿ ಅನ್ನಿಸುತ್ತದೆ, ಮಗನ ಮಾತು ಓದುವಾಗ ಮಗ. ನಾನು ಯಾರ ಪಕ್ಕ ನಿಲ್ಲಬೇಕು?"

ಗುರು ಬಸವಾರ್ಯರು ಪ್ರಾಯದಲ್ಲಿ ಆ ಖಂಡದ ದೊಡ್ಡ ಸರೋವರವೊಂದರ ದಡದಲ್ಲಿ ಶಾಲಾ ಮಾಸ್ತರರಾಗಿದ್ದವರು. ಅವರು ಒಂದು ಕತೆ ಹೇಳತೊಡಗಿದರು.

ಆ ದಡದ ಒಂದು ಹಳ್ಳಿಯಲ್ಲಿ ಒಬ್ಬ ಹಾಡುಗಾರನಿದ್ದ. ಅವನ ಹಾಡೇ ಆ ಕುಲಕ್ಕೆ ಕಟ್ಟಳೆ. ಯಾರು ಯಾರನ್ನು ಮದುವೆಯಾಗಬಾರದು, ಸತ್ತವರನ್ನು ಎಲ್ಲಿ ಹೂಳಬೇಕು, ಯಾರ ಗುದ್ದಲಿ ಮೊದಲು ನೆಲಕ್ಕೆ ಬೀಳಬೇಕು, ಎಲ್ಲವೂ ಅವನ ನಾಲಗೆಯ ಮೇಲಿತ್ತು. ಅವನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಸರೋವರದಲ್ಲಿ ಮೀನು ಹಿಡಿಯುತ್ತಿದ್ದ. ಚಿಕ್ಕವನು ಪಟ್ಟಣದಲ್ಲಿ ಓದಿ, ಬಿಳಿಯರ ಭಾಷೆಯಲ್ಲಿ ಕತೆ ಬರೆಯುತ್ತಿದ್ದ. ದೊಡ್ಡವನ ಹೆಂಡತಿಯ ಹೆಸರು ಅಪಿಯೊ.

ಒಂದು ದಿನ ಗಾಳಿಗೆ ದೋಣಿ ಮಗುಚಿ ದೊಡ್ಡ ಮಗ ತೀರಿಕೊಂಡ. ಅಪಿಯೊ ವಿಧವೆಯಾದಳು. ಮಕ್ಕಳಿನ್ನೂ ಸಣ್ಣವರು, ಒಂದು ಹೆಣ್ಣು, ಒಂದು ಗಂಡು.

ಆ ಕುಲದ ಕಟ್ಟಳೆ ಹೀಗಿತ್ತು. ಗಂಡ ಸತ್ತವಳನ್ನು ಮೈದುನ ಕೈಹಿಡಿಯಬೇಕು. ಅವನು ಬಂದು ಅವಳ ಹೊಲದಲ್ಲಿ ಮೊದಲ ಗುಣಿ ತೋಡಬೇಕು. ಅಲ್ಲಿಯವರೆಗೆ ಅವಳು ಬಿತ್ತುವಂತಿಲ್ಲ. ಬಿತ್ತಿದರೆ ಕೇಡು ತಪ್ಪದು, ಅದೂ ಮೊದಲು ಮಕ್ಕಳಿಗೆ ತಟ್ಟುತ್ತದೆ. ಈ ಕಟ್ಟಳೆಯಿಂದ ಆದ ಒಳ್ಳೆಯದೂ ಇತ್ತು. ಆ ಊರಿನಲ್ಲಿ ಯಾವ ವಿಧವೆಯನ್ನೂ ಮನೆಯಿಂದ ಹೊರಗೆ ಹಾಕಿರಲಿಲ್ಲ.

ಹಾಡುಗಾರ ಚಿಕ್ಕ ಮಗನನ್ನು ಕರೆಸಿದ. ಅವನು ಬಂದ, ಅಣ್ಣನ ಗೋರಿಯ ಮುಂದೆ ಅತ್ತ. ಆದರೆ ಅಪ್ಪನ ಮಾತಿಗೆ ಒಪ್ಪಲಿಲ್ಲ.

"ಅತ್ತಿಗೆಯನ್ನು ಹೆಂಡತಿ ಎನ್ನಲಾರೆ, ಅಪ್ಪ. ಆಕೆ ಮನುಷ್ಯಳು, ಒಬ್ಬರಿಂದ ಒಬ್ಬರಿಗೆ ದಾಟಿಸುವ ದನವಲ್ಲ" ಎಂದ.

"ಬೇರು ಕಿತ್ತು ಹಾಕಿ ನೆರಳು ಹುಡುಕಬೇಡ, ಮಗನೇ" ಎಂದ ತಂದೆ.

"ನೆರಳು ಬಿದ್ದದ್ದು ನಿಮ್ಮ ಮೇಲೆ. ಮುಳ್ಳು ಬಿದ್ದದ್ದು ಹೆಂಗಸರ ಮೇಲೆ."

ಅಂಗಳದಲ್ಲಿ ಜನ ಸೇರಿದರು. ಮುದುಕರು ತಂದೆಯ ಕಡೆ ನಿಂತರು, ಹುಡುಗರು ಮಗನ ಕಡೆ. ತಂದೆ ಮಗ ಇಬ್ಬರೂ ಮಾತು ಬಲ್ಲವರು, ಕೇಳುವುದಕ್ಕೆ ಚೆನ್ನಾಗಿತ್ತು. ಒಬ್ಬ ಮಾತು ಮುಗಿಸಿದರೆ ಇನ್ನೊಬ್ಬ ಏನೆನ್ನುತ್ತಾನೋ ಎಂದು ಜನ ಕಾದರು. ದಿನಗಳು ಹೀಗೆಯೇ ಕಳೆದವು.

ಅಪಿಯೊ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವಳು ಆ ಮನೆಗೆ ಸೊಸೆಯಾಗಿ ಬಂದಾಗ ಮೈದುನ ಇನ್ನೂ ಮೂಗು ಸೋರಿಸಿಕೊಂಡು ಓಡಾಡುವ ಮಗು. ಅವನಿಗೆ ಸ್ನಾನ ಮಾಡಿಸಿದವಳು, ಉಣ್ಣಿಸಿದವಳು ಅವಳೇ. ಅವನ ಪಕ್ಕದಲ್ಲಿ ಮಲಗುವುದನ್ನು ನೆನೆದರೆ ಅವಳಿಗೆ ನಾಚಿಕೆಯಾಗುತ್ತಿತ್ತು. ಆದರೆ ಊರು ಬಿಟ್ಟು ಹೋಗುವುದೂ ಅವಳಿಂದಾಗದು. ಆ ಹೊಲದ ಕಲ್ಲುಗಳನ್ನು ಅವಳೂ ಅವಳ ಗಂಡನೂ ಕೂಡಿ ಆರಿಸಿ ಎಸೆದಿದ್ದರು.

ಅಷ್ಟರಲ್ಲಿ ಮಳೆ ಬಂತು. ಊರಿನ ಹೆಂಗಸರೆಲ್ಲ ಜೋಳ ಬಿತ್ತಿದರು. ಅಪಿಯೊಳ ಹೊಲ ಖಾಲಿ ಉಳಿಯಿತು.

ಅವಳು ಮಾವನ ಬಳಿಗೆ ಹೋದಳು. "ಮಾವ, ಹದ ಹೋಗುತ್ತಿದೆ."

"ನನ್ನ ಕೈಯಲ್ಲೇನಿದೆ, ಮಗಳೇ? ನಿನ್ನ ಮೈದುನ ಹ್ಞೂಂ ಅನ್ನಲಿ, ಈಗಲೇ ಬಿತ್ತು. ನಾನೇ ಕಟ್ಟಳೆ ಮುರಿದರೆ ನಾಳೆ ಈ ಮೊಮ್ಮಕ್ಕಳನ್ನು ಕಾಯುವವರು ಯಾರು?" ಅವನ ಕಣ್ಣಲ್ಲಿ ನೀರಿತ್ತು. ಅವನು ನಿಜವಾಗಿಯೂ ಹೆದರಿದ್ದ.

ಅವಳು ಮೈದುನನ ಬಳಿಗೆ ಹೋದಳು. "ತಮ್ಮಾ, ಹದ ಹೋಗುತ್ತಿದೆ."

"ಅತ್ತಿಗೆ, ಈ ಹೊಲದ ಆಸೆ ಬಿಡು. ಮಕ್ಕಳನ್ನು ಕರೆದುಕೊಂಡು ಪಟ್ಟಣಕ್ಕೆ ಬಾ. ಹೊಲಿಗೆ ಕಲಿಯಬಹುದು. ನಿನಗಾದ ಅನ್ಯಾಯವನ್ನು ನಾನು ಬರೆಯುತ್ತೇನೆ. ಲೋಕ ಓದುತ್ತದೆ."

"ಬರೆಯುವುದಾದರೆ ಬರೆ, ತಮ್ಮಾ. ಬಿತ್ತುವುದಕ್ಕೆ ಲೋಕ ಬರುತ್ತದೆಯೇ?" ಎಂದಳು ಅಪಿಯೊ.

ಕೇಡು ಬರುತ್ತದೆ ಎಂಬ ಮಾತನ್ನು ಅವಳೂ ನಂಬಿದ್ದಳು. ಅದನ್ನು ಕೇಳಿಕೊಂಡೇ ಬೆಳೆದವಳು. ನಂಬದಿದ್ದರೆ ಅವಳ ಕೆಲಸ ಸುಲಭವಾಗುತ್ತಿತ್ತು.

ಮರುದಿನ ಬೆಳಗ್ಗೆ ಅವಳು ಗಂಡನ ಗೋರಿಗೆ ಹೋಗಿ ನಿಂತಳು. "ಬೇರೆ ದಾರಿ ಕಾಣೆ. ನೀನೇ ಬಂದು ಮೊದಲ ಗುಣಿ ತೋಡು. ತಪ್ಪಾದರೆ ನನ್ನನ್ನು ಹಿಡಿ, ಮಕ್ಕಳನ್ನು ಮುಟ್ಟಬೇಡ" ಎಂದಳು. ಆಮೇಲೆ ಗಂಡನ ಅಂಗಿಯನ್ನು ಮೇಲೆ ತೊಟ್ಟು, ಅವನ ಗುದ್ದಲಿ ಹಿಡಿದು, ಎಲ್ಲರೂ ನೋಡುತ್ತಿರುವಂತೆಯೇ ಹೊಲಕ್ಕಿಳಿದಳು. ಮೊದಲ ಗುಣಿ ತೋಡುವಾಗ ಗುದ್ದಲಿ ಓರೆಯಾಗಿ ಬಿತ್ತು. ಎರಡನೆಯದು ಸರಿಯಾಗಿ ಬಿತ್ತು.

ಕಟ್ಟಳೆ ಉಳಿಯಿತೋ ಮುರಿಯಿತೋ ಬದುವಿನ ಮೇಲೆ ನಿಂತವರಿಗೆ ತಿಳಿಯಲಿಲ್ಲ. ಬಹಳ ಹೊತ್ತಿನ ಮೇಲೆ ಅವಳ ಅತ್ತೆ, ಹಾಡುಗಾರನ ಹೆಂಡತಿ, ಹೊಲಕ್ಕೆ ಇಳಿದಳು. ಸೊಸೆಯ ಮುಖ ನೋಡಲಿಲ್ಲ. ಅವಳ ಹಿಂದೆ ಹಿಂದೆ ನಡೆಯುತ್ತ, ಕಾಳು ಬಿದ್ದ ಗುಣಿಗಳಿಗೆ ಕಾಲಿನಿಂದ ಮಣ್ಣು ಮುಚ್ಚುತ್ತ ಹೋದಳು.

ಹಾಡುಗಾರ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಮಗ ಪಟ್ಟಣಕ್ಕೆ ಹಿಂದಿರುಗಿದ. ಅಂಗಿಯನ್ನು ಕಂಡು ಅವನಿಗೂ ಬೇಸರವಾಗಿತ್ತು. ಅತ್ತಿಗೆ ಇನ್ನೂ ಹಳೆಯದಕ್ಕೇ ಜೋತುಬಿದ್ದಿದ್ದಾಳೆ ಎಂದುಕೊಂಡ.

ಪೈರು ಮೊಣಕಾಲೆತ್ತರ ಬಂದಾಗ ಗಂಡುಮಗುವಿಗೆ ಜ್ವರ ಬಂತು. ಕೇಡು ತಟ್ಟಿತೇ ಎಂದು ಊರು ನೋಡಿತು. ಅಪಿಯೊ ಅತ್ತೆ ಕೊಟ್ಟ ಬೇರಿನ ಕಷಾಯ ಕುಡಿಸಿದಳು, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ದೂರದ ಆಸ್ಪತ್ರೆಗೂ ನಡೆದಳು. ದಾರಿಯುದ್ದಕ್ಕೂ ಗಂಡನನ್ನು ಬೈದಳು, ಬೇಡಿಕೊಂಡಳು, ಮತ್ತೆ ಬೈದಳು. ಮಗು ಉಳಿಯಿತು. ಕಷಾಯದಿಂದ ಎಂದರು ಕೆಲವರು, ಸೂಜಿಮದ್ದಿನಿಂದ ಎಂದರು ಕೆಲವರು. ಅಪಿಯೊ ಯಾರೊಂದಿಗೂ ವಾದಿಸಲಿಲ್ಲ. ಮಗುವನ್ನು ನೆರಳಿನಲ್ಲಿ ಮಲಗಿಸಿ ಕಳೆ ಕೀಳಲು ಹೋದಳು.

ತಡವಾಗಿ ಬಿತ್ತಿದ ಬೆಳೆ. ಹಕ್ಕಿಗಳು ತಿಂದದ್ದು ತಿಂದವು. ಉಳಿದದ್ದು ಮನೆಗೆ ಬಂತು, ಅತ್ತೆಯ ಕಣಜಕ್ಕೂ ಒಂದಷ್ಟು ಹೋಯಿತು.

ಮುಂದಿನ ಬೇಸಗೆಯಲ್ಲಿ ಹಾಡುಗಾರ ಹೊಸ ಹಾಡು ಕಟ್ಟಿದ. ಒಬ್ಬ ವಿಧವೆ ಒಂಟಿಯಾಗಿ ಬಿತ್ತುತ್ತಾಳೆ, ನೆಲ ಬಾಯ್ತೆರೆದು ಅವಳನ್ನು ನುಂಗುತ್ತದೆ. ಕೇಳಿದ ಹೆಣ್ಣುಮಕ್ಕಳು ಅತ್ತರು. ಅದೇ ಬೇಸಗೆಯಲ್ಲಿ ಮಗ ರಜೆಗೆಂದು ಊರಿಗೆ ಬಂದು, ತಾಯಿಯ ಗುಡಿಸಲಿನಲ್ಲಿ ಕುಳಿತು ಕಾದಂಬರಿ ಬರೆದ. ಅದರಲ್ಲಿ ಕಟ್ಟಳೆಗೆ ಸಿಕ್ಕಿದ ವಿಧವೆ ದಾರಿಗಾಣದೆ ಸರೋವರಕ್ಕೆ ಇಳಿದು ಮುಳುಗಿಹೋಗುತ್ತಾಳೆ. ಸಮುದ್ರದಾಚೆ ಓದಿದವರೂ ಅತ್ತರಂತೆ.

ವರ್ಷಗಳು ಕಳೆದವು. ತಂದೆಯ ಹಾಡು ರೇಡಿಯೋದಲ್ಲಿ ಬಂತು. ಮಗನ ಪುಸ್ತಕ ಶಾಲೆಗಳಲ್ಲಿ ಪಾಠವಾಯಿತು. ದೂರದಿಂದ ಜನ ಬಂದು ಇಬ್ಬರನ್ನೂ ಕಂಡು ಹೋದರು. ಹಳೆಯ ಆಫ್ರಿಕ ಅಳಿಯುತ್ತಿದೆ ಎಂದರು, ಹೊಸ ಆಫ್ರಿಕ ಹುಟ್ಟುತ್ತಿದೆ ಎಂದರು. ಹೋಗುವಾಗ ಅವರ ಕಾರುಗಳು ಅಪಿಯೊಳ ಹೊಲದ ಬದುವಿನ ಪಕ್ಕದಲ್ಲೇ ಹಾದು ಹೋದವು.

ಅಪಿಯೊಳ ಮಗಳು ಓದಿ ಶಾಲೆಯ ಟೀಚರಾದಳು. ಒಂದು ಮಧ್ಯಾಹ್ನ ಅವಳು ಚಿಕ್ಕಪ್ಪನ ಪುಸ್ತಕವನ್ನು ತಾವಾಡುವ ಮಾತಿಗೆ ತಿರುಗಿಸುತ್ತ ತಾಯಿಗೆ ಓದಿ ಹೇಳಿದಳು. ಅಪಿಯೊ ಮೊರದಲ್ಲಿ ಜೋಳ ಕೇರುತ್ತ ಕೇಳಿದಳು. ಪುಸ್ತಕ ಮುಗಿಯಿತು.

"ನಿನ್ನ ಅಜ್ಜನ ಹಾಡಿನಲ್ಲಿ ನೆಲ ನನ್ನನ್ನು ನುಂಗಿತು. ಇದರಲ್ಲಿ ನೀರು ನುಂಗಿತು. ಅಂತೂ ಇಬ್ಬರೂ ಸೇರಿ ನನ್ನನ್ನು ಸಾಯಿಸಿಬಿಟ್ಟರು."

"ಸಿಟ್ಟು ಬರುವುದಿಲ್ಲವೇ, ಅವ್ವಾ?"

"ಬಂದಿತ್ತು, ಹಾಡು ಕೇಳಿದಾಗ. ಈಗ ಇಲ್ಲ." ಅಪಿಯೊ ಹೊಟ್ಟನ್ನು ಊದಿ ನಕ್ಕಳು. "ಬದುಕಿಕೊಂಡರೆ ಇವಳು ಏನು ಮಾಡಬಹುದು ಎಂದು ಇಬ್ಬರಿಗೂ ಹೊಳೆಯಲಿಲ್ಲ, ಪಾಪ."

ಬಸವಾರ್ಯರು ಕತೆ ನಿಲ್ಲಿಸಿದರು.

"ಹಾಗಾದರೆ ಗುರುಗಳೇ, ತಂದೆಯ ಹಾಡು, ಮಗನ ಪುಸ್ತಕ, ಇವೆರಡರಲ್ಲಿ ಯಾವುದು ಹೆಚ್ಚು ನಿಜ?"

ಗುರುಗಳು ಹೇಳಿದರು: "ನಾನರಿಯೆ. ಆದರೆ ಆ ಬೇಸಗೆಯಲ್ಲಿ ಹಾಡು ಕಟ್ಟುತ್ತಿದ್ದವನೂ ಪುಸ್ತಕ ಬರೆಯುತ್ತಿದ್ದವನೂ ಉಂಡದ್ದು ಅವಳ ಹೊಲದ ಜೋಳವನ್ನು."