ತಡೆಯವ್ವನ ಬಾವಿ

ಕರೇಕಲ್ಲಹಟ್ಟಿಯ ಬಡಗಣ ದಿಕ್ಕಿನಲ್ಲಿ, ಹೊಂಗೆಮರಗಳ ಮರೆಗೆ, ಹಳೆಯ ಬಾವಿಯೊಂದಿದೆ. ಇಣುಕಿದರೆ ಎದೆ ಝಲ್ಲೆನ್ನುತ್ತದೆ. ಗೋಡೆಯಿಂದ ಹೊರಚಾಚಿದ ಕಲ್ಲುಗಳೇ ಮೆಟ್ಟಿಲು. ತಳದಲ್ಲಿ ಏನಿದೆಯೆಂದು ನಡುಮಧ್ಯಾಹ್ನದಲ್ಲೂ ಕಾಣದು. ಬಾಯಿಗೆ ಅಡ್ಡಲಾಗಿ ಕಲ್ಲಿನ ತೊಲೆ, ಅದಕ್ಕೊಂದು ಕಬ್ಬಿಣದ ಕೊಂಡಿ. ನೀರು ಸೇದುವ ಕೊಂಡಿ ಎಂದು ಬಂದವರೇ ತೀರ್ಮಾನಿಸಿ ಹೋಗುತ್ತಾರೆ. ಅವರಿಗೆ ಎಲ್ಲವೂ ಗೊತ್ತು, ಕೇಳುವ ವ್ಯವಧಾನ ಮಾತ್ರ ಇಲ್ಲ. ಅದು ದೀಪ ಇಳಿಸುವ ಕೊಂಡಿ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಬಾವಿ ಹೂಳು ತುಂಬಿ ಬತ್ತಿತಂತೆ. ಊರಿಗೆ ಇದ್ದದ್ದು ಅದೊಂದೇ ನೀರು. ಹೂಳು ತೆಗೆಯಲು ಕಾಟಯ್ಯನೆಂಬ ಗಟ್ಟಿಗ ಮುಂದಾದ. ಗಂಗಮ್ಮನ ಪೂಜೆ ಮಾಡಿ, ಹಣತೆಯನ್ನು ಬುಟ್ಟಿಯಲ್ಲಿಟ್ಟು ಹಗ್ಗದಲ್ಲಿ ಇಳಿಬಿಟ್ಟರು. ತಳ ಮುಟ್ಟುವ ಮೊದಲೇ ದೀಪ ಆರಿತು. ಹೊರಗೆ ಎಲೆಯೂ ಅಲ್ಲಾಡುತ್ತಿರಲಿಲ್ಲ. "ಗಂಗವ್ವ ದೀಪ ತಗಂಡ್ಲು, ಒಪ್ಪಿಗೆ ಆತು" ಎಂದು ಹಿರಿಯರು ಹಿಗ್ಗಿದರು. ಕಾಟಯ್ಯ ಇಳಿದ. ಅರ್ಧ ದಾಟಿದ ಮೇಲೆ ಅವನು ಕೆಮ್ಮಿದ್ದು ಕೇಳಿಸಿತು, ಆಮೇಲೆ ದೊಪ್ಪನೆ ಬಿದ್ದ ಸದ್ದು. ಎಷ್ಟು ಕೂಗಿದರೂ ಓಗೊಡಲಿಲ್ಲ.

ಅವನ ಹೆಂಡತಿ ಪಾಲವ್ವ ಬುತ್ತಿ ಹೊತ್ತು ಬಂದದ್ದು ಆಗಲೇ. ಮೈದುನ ಬೋರಯ್ಯ ಅಣ್ಣನನ್ನು ತರಲು ಕಚ್ಚೆ ಬಿಗಿದು ನಿಂತಿದ್ದ. ಪಾಲವ್ವನ ಕಣ್ಣು ಮೇಲೆಳೆದಿಟ್ಟ ಬುಟ್ಟಿಯಲ್ಲಿ ಆರಿದ್ದ ಹಣತೆಯ ಮೇಲೆ ಬಿತ್ತು. ಎಣ್ಣೆಯೂ ಇತ್ತು, ಬತ್ತಿಯೂ ಇತ್ತು. ಅವಳ ತವರಿನಲ್ಲಿ ರಾಗಿ ತುಂಬಿಡುವ ನೆಲದೊಳಗಿನ ಹಗೇವನ್ನು ತೆರೆದಾಗ ಮೊದಲು ದೀಪ ಇಳಿಸುತ್ತಿದ್ದರು. ಅದು ಆರಿದರೆ ಯಾರೂ ಇಳಿಯುತ್ತಿರಲಿಲ್ಲ. ಅವಳು ಓಡಿಹೋಗಿ ಮೆಟ್ಟಿಲಿಗೆ ಅಡ್ಡ ನಿಂತಳು. "ಇಳೀಬ್ಯಾಡಪ್ಪ ಬೋರ, ಹಗೇವಿನ ಕೆಟ್ಟ ಗಾಳಿ ಇಲ್ಲೂ ಐತೆ." ಅತ್ತೆ ಎದೆ ಬಡಿದುಕೊಂಡಳು: "ನನ್ನ ಮಗ ಕೆಳಗೆ ಬಿದ್ದವ್ನೆ, ತಡೀತೀಯೇನೇ ಮೂದೇವಿ! ಗಂಡ ಬ್ಯಾಡಾದ್ನಾ ನಿಂಗೆ?" ಪಾಲವ್ವ ಕದಲಲಿಲ್ಲ. ಹೊಂಗೆಯ ಕೊಂಬೆ ಕಡಿಸಿ, ಹಗ್ಗ ಕಟ್ಟಿಸಿ, ಆ ಗಾಳಿ ಕದಡಿ ಹೋಗಲೆಂದು ಬಾವಿಯೊಳಗೆ ಮೇಲೆ ಕೆಳಗೆ ಆಡಿಸಲು ಹೇಳಿದಳು. ದೀಪ ಇಳಿಸಿದರು, ಆರಿತು. ಮತ್ತೆ ಕೊಂಬೆ ಆಡಿಸಿದರು. ತಾನೇ ಧುಮುಕಿಬಿಡೋಣವೆಂದು ಅವಳಿಗೂ ಅನಿಸಿರಲೇಬೇಕು, ಅವಳದೇನು ಕಲ್ಲೆದೆಯಲ್ಲ. ಕೊನೆಗೆ ದೀಪ ಉರಿದು ನಿಂತಿತು. ಬೋರಯ್ಯ ಇಳಿದು ಅಣ್ಣನನ್ನು ಹೊತ್ತು ತಂದ. ಕಾಟಯ್ಯನ ಉಸಿರು ಹೋಗಿತ್ತು.

ಅವಳು ತಡೆಯದಿದ್ದರೆ ಗಂಡ ಉಳಿಯುತ್ತಿದ್ದ ಎಂದು ಊರು ಆಡಿಕೊಂಡಿತು. ಆಡುವವರ ಬಾಯಿಗೆ ಬೀಗ ಹಾಕುವವರು ಯಾರು? ತಡೆಯವ್ವ ಎಂಬುದು ಬೈಗುಳವಾಯಿತು. ಮರುಬೇಸಿಗೆ ಹೂಳೆತ್ತುವ ಸರದಿ ಬೋರಯ್ಯನದು. ಉಳಿದ ಒಬ್ಬನೇ ಮಗ ಬಾವಿಯ ಕಟ್ಟೆ ಹತ್ತಿದ್ದನ್ನು ಮುದುಕಿ ಕಂಡಳು. ವರ್ಷದಿಂದ ಸೊಸೆಯೊಡನೆ ಮಾತು ಬಿಟ್ಟಿದ್ದ ಅವಳು ಹಣತೆ ತಂದು ಸೊಸೆಯ ಕೈಗಿಟ್ಟು, "ನೀನೇ ದೀಪ ಬಿಡವ್ವ. ಆರಿದ್ರೆ ತಡಿ" ಎಂದಳು ಎನ್ನುತ್ತಾರೆ.

ಹೂಳೆತ್ತುವ ದಿನ ಹೋದವರು ಆ ಕೊಂಡಿಯಿಂದ ದೀಪ ಇಳಿಯುವುದನ್ನು ಇಂದಿಗೂ ನೋಡಬಹುದು. ಆ ಗಾಳಿ ಭಾರವಾದದ್ದು, ತಗ್ಗಿನಲ್ಲಿ ನೀರಿನಂತೆ ನಿಲ್ಲುತ್ತದೆ, ಅದರಲ್ಲಿ ದೀಪವೂ ಉಳಿಯದು ಉಸಿರೂ ಉಳಿಯದು ಎಂದು ಶಾಲೆಯ ಮೇಷ್ಟ್ರು ಮಕ್ಕಳಿಗೆ ವಿವರಿಸುತ್ತಾರೆ. ಈಗ ಗಾಳಿಯೂದುವ ಯಂತ್ರವನ್ನೂ ತರುತ್ತಾರೆ. ಆದರೂ ದೀಪ ಇಳಿಸುವವಳು ಊರಿನ ಸೊಸೆಯೇ. ಎಲ್ಲರೂ ಬಗ್ಗಿ ಆ ಸಣ್ಣ ಬೆಳಕನ್ನು ನೋಡುತ್ತಾರೆ; ಇಳಿಯಬೇಕಾದವನ ತಾಯಿ ಮಾತ್ರ ಹಗ್ಗ ಹಿಡಿದವಳ ಮುಖವನ್ನೇ ನೋಡುತ್ತಿರುತ್ತಾಳೆ.