ಕೇಳಿದವನು ಕುಳಿತರೆ

ಶಾಸಕನಾಗಿ ಆರು ತಿಂಗಳಾಗಿದ್ದ ಶಿಷ್ಯ ನಂಜುಂಡಯ್ಯ ಗುರುಗಳಿಗೆ ಅಡ್ಡಬಿದ್ದು ಕೇಳಿದ:

"ಬುದ್ಧಿ, ವಿಚಾರಣೆಯಿಲ್ಲದೆ ಎಷ್ಟು ಜನ ಜೈಲಿನಲ್ಲಿದ್ದಾರೆ ಎಂದು ಸದನದಲ್ಲಿ ಕೇಳಿದೆ. ಮಾಹಿತಿ ಸಂಗ್ರಹಿಸಲಾಗುತ್ತಿದೆ ಎಂದು ಮಂತ್ರಿಗಳು ಉತ್ತರ ಕೊಟ್ಟರು. ಧನ್ಯವಾದ ಹೇಳಿ ಕುಳಿತೆ. ಒಳಗಿರುವ ಒಬ್ಬನ ತಾಯಿ ದಿನಾ ಬೆಳಿಗ್ಗೆ ನನ್ನ ಮನೆ ಬಾಗಿಲಿಗೆ ಬರುತ್ತಾಳೆ. ಅವಳನ್ನು ಕಂಡರೆ ಭಯವಾಗುತ್ತದೆ. ಕೇಳಬೇಕಾದ್ದನ್ನು ಕೇಳಿದ್ದೇನೆ. ಮತ್ತೇಕೆ ಈ ಭಯ?"

ಗುರುಗಳು ಹೇಳಿದರು:

ಒಂದು ರಾಜ್ಯದಲ್ಲಿ ಕಳ್ಳತನ ಹೆಚ್ಚಿತ್ತು. ರಾಜ ಕಾನೂನು ಮಾಡಿದ. ಹೊತ್ತು ಮುಳುಗಿದ ಮೇಲೆ ದಾರಿಯಲ್ಲಿ ಸಿಕ್ಕವರನ್ನು ಸೆರೆಯಲ್ಲಿಡಬೇಕು, ಹೊಲವುಳ್ಳವನೊಬ್ಬ ಜಾಮೀನು ನಿಂತರೆ ಬಿಡಬೇಕು. ಹೊಲವಿಲ್ಲದವರಿಗೆ ಹೊಲವುಳ್ಳ ನೆಂಟರು ಎಲ್ಲಿಂದ ಬರಬೇಕೆಂದು ಅವನು ಯೋಚಿಸಲಿಲ್ಲ. ರಾಜರಿಗೆ ಅಷ್ಟು ಪುರುಸೊತ್ತಿರುವುದಿಲ್ಲ.

ಅದಕ್ಕೆಂದೇ ಅಲ್ಲಿ ಹಿರಿಯರ ಸಭೆಯೊಂದಿತ್ತು. ಪ್ರತಿ ಕಾನೂನೂ ವರ್ಷಕ್ಕೊಮ್ಮೆ ಸಭೆಯ ಮುಂದೆ ಬರಬೇಕು. ಹಿರಿಯರು ನಿಂತು ಕೇಳಬೇಕು, ದಂಡನಾಯಕ ಉತ್ತರಿಸಬೇಕು. ಉತ್ತರ ಒಪ್ಪಿಗೆಯಾದರೆ ಕೇಳಿದವನು ಕೂರುತ್ತಾನೆ. ಅವನು ನಿಂತಿರುವಷ್ಟು ಹೊತ್ತು ಕಾನೂನು ಮುಂದುವರಿಯುವಂತಿಲ್ಲ; ಸಭೆ ಮುಗಿಯುವವರೆಗೂ ಕೂರದಿದ್ದರೆ ಅದು ಬಿದ್ದುಹೋಗುತ್ತದೆ. ಕಟ್ಟಳೆ ಹಾಗಿತ್ತು. ಆದರೆ ಉತ್ತರ ಬಂದ ಮೇಲೂ ನಿಂತವರನ್ನು ಯಾರೂ ಕಂಡಿರಲಿಲ್ಲ. ಕೇಳುವುದು, ಕೂರುವುದು, ಊಟಕ್ಕೇಳುವುದು. ಇದೇ ರೂಢಿಯಾಗಿತ್ತು.

ಕತ್ತೆ ಹುಡುಕಲು ಹೋದ ಕುಂಬಾರನೊಬ್ಬ ಹೀಗೆ ಸೆರೆ ಸೇರಿದ. ಅವನ ಹೆಂಡತಿ ಸಭೆಯ ಬಾಗಿಲಲ್ಲಿ ಒಬ್ಬ ನೇಕಾರನನ್ನು ತಡೆದಳು. ಅವನೂ ಸಭೆಯ ಹಿರಿಯರಲ್ಲೊಬ್ಬ. ಗಂಡನಿಗೆ ಕೆಮ್ಮು ಹತ್ತಿದೆ, ಒಳಗೆ ನೆಲ ತೇವ, ಚಳಿಗಾಲ ಬಂದರೆ ಉಳಿಯಲಾರ ಎಂದಳು. ನೇಕಾರ ಕೇಳುತ್ತೇನೆಂದು ಮಾತು ಕೊಟ್ಟ.

ಕೇಳಿದ ಕೂಡ. ಜಾಮೀನಿಲ್ಲದೆ ಎಷ್ಟು ಜನ ಒಳಗಿದ್ದಾರೆ, ಕುಂಬಾರನನ್ನು ಯಾವಾಗ ಬಿಡುತ್ತೀರಿ ಎಂದ. ವಿವರ ತರಿಸುತ್ತಿದ್ದೇವೆ, ಬರುವ ವರ್ಷ ತಿಳಿಸುತ್ತೇವೆ ಎಂದು ದಂಡನಾಯಕ ನಯವಾಗಿ ಹೇಳಿದ. ಅದು ಉತ್ತರವಲ್ಲವೆಂದು ನೇಕಾರನಿಗೆ ಗೊತ್ತಿತ್ತು. ಆದರೆ ಇಡೀ ಸಭೆ ತನ್ನನ್ನೇ ನೋಡುತ್ತಿತ್ತು. ಅನ್ನ ಆರುತ್ತಿದೆ ಎಂದು ಪಕ್ಕದವನು ಅವನ ಶಲ್ಯ ಎಳೆದ. ನೇಕಾರ ಕುಳಿತ. ಕಾನೂನು ಇನ್ನೊಂದು ವರ್ಷ ಮುಂದುವರಿಯಿತು.

ಆ ವರ್ಷವೆಲ್ಲ ಅವನಿಗೆ ಮಗ್ಗದ ಮುಂದೆ ಕೈ ಓಡಲಿಲ್ಲ. ಯಾರಾದರೂ ಕೆಮ್ಮಿದರೆ ಬೆಚ್ಚುತ್ತಿದ್ದ.

ಮರುವರ್ಷ ಎದ್ದು ಅದೇ ಪ್ರಶ್ನೆ ಕೇಳಿದ. ದಂಡನಾಯಕ ಓಲೆ ನೋಡಿ, "ಕುಂಬಾರನ ಪ್ರಶ್ನೆ ಈಗ ಉದ್ಭವಿಸುವುದಿಲ್ಲ" ಎಂದ. ಕುಂಬಾರ ಚಳಿಗಾಲದಲ್ಲೇ ಸತ್ತಿದ್ದ.

ನೇಕಾರ ಕೂರಲಿಲ್ಲ. ಪಕ್ಕದವನು ಶಲ್ಯ ಎಳೆದ, ಶಲ್ಯ ಅವನ ಕೈಗೇ ಹೋಯಿತು. ಅನ್ನ ಆರಿತು. ಹಿರಿಯರು ಬೈದರು, ಆಮೇಲೆ ಬೇಡಿಕೊಂಡರು. ಹೊತ್ತು ಮುಳುಗಿತು, ಸಭೆ ಮುಗಿಯಿತು, ಕಾನೂನು ಬಿದ್ದುಹೋಯಿತು. ಸೆರೆಯ ಬಾಗಿಲು ತೆರೆದು ಒಳಗಿದ್ದವರನ್ನೆಲ್ಲ ಬಿಟ್ಟರು.

ಅವರು ಒಬ್ಬೊಬ್ಬರಾಗಿ ಹೊರಬರುವುದನ್ನು ಕುಂಬಾರನ ಹೆಂಡತಿ ನಿಂತು ನೋಡಿದಳು. ಕೊನೆಯವನೂ ಬಂದಾದ ಮೇಲೆ ನೇಕಾರನ ಕಡೆ ತಿರುಗಿದಳು.

"ನಿಂತ್ಕೊಂಡಿದ್ರೆ ಸಾಕಾಗಿತ್ತಾ ಅಣ್ಣಾ? ಹೋದ ವರ್ಷ ಯಾಕೆ ಕೂತ್ಕೊಂಡ್ರಿ?"

ಗುರುಗಳು ಕತೆ ನಿಲ್ಲಿಸಿದರು. ನೇಕಾರ ಅವಳಿಗೆ ಏನು ಹೇಳಿದನೆಂದು ನಂಜುಂಡಯ್ಯ ಮೆಲ್ಲಗೆ ಕೇಳಿದ.

ಗುರುಗಳು ಎಂದರು: "ನಾಳೆ ಬೆಳಿಗ್ಗೆ ಆ ತಾಯಿ ಬಂದಾಗ ನೀನು ಏನು ಹೇಳುತ್ತೀಯೋ, ಅದನ್ನೇ."